ಸಂಜೆಯ ಕಬ್ಬಕ್ಕಿ ಹಿಂಡನ್ನು ನೋಡುವ ಬಗೆ

ಪ್ರಿಯ ಮಂಜು,

ಊರ ಕೆರೆಯಂಗಳದ ಬಳ್ಳಾರಿ ಜಾಲಿಗೆ ಸಂಜೆ ಸಾವಿರಗಟ್ಟಲೆ ಹಕ್ಕಿ ಬಂದು ಕೂರುತ್ತವೆ, ಯಾವುವು, ಎಣಿಸುವುದು ಹೇಗೆ ಎಂದು ಕೇಳಿದ್ದೀಯ. ಗದಗ ಸೀಮೆ, ಹಿಂಗಾರಿ ಜೋಳ ಹಾಲುಗಾಳಿಗೆ ಬಂದಿರುವ ಹೊತ್ತು, ಇಷ್ಟು ದೊಡ್ಡ ಹಿಂಡು ಎಂದ ಮೇಲೆ ಬಹುಮಟ್ಟಿಗೆ ಗುಲಾಬಿ ಕಬ್ಬಕ್ಕಿಯೇ. ಆದರೂ ಖಾತ್ರಿ ಮಾಡಿಕೋ. ಬಲಿತ ಹಕ್ಕಿಯ ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ಗುಲಾಬಿ. ಚಳಿಗಾಲದಲ್ಲಿ ಆ ಗುಲಾಬಿ ಮಾಸಿ ಕಂದು ಬೆರೆತಿರುತ್ತದೆ. ಎಳೆಯವು ಮಣ್ಣುಬಣ್ಣ, ಕೊಕ್ಕು ಹಳದಿ. ಗೊರವಂಕ ಹಾರುವಾಗ ರೆಕ್ಕೆಯ ಬಿಳಿ ಪಟ್ಟೆ ಎದ್ದು ಕಾಣುತ್ತದೆ; ಇದಕ್ಕೆ ಅದಿಲ್ಲ.

ಜನವರಿಯಲ್ಲಿ ನಿಮ್ಮ ಕಡೆ ಸೂರ್ಯ ಮುಳುಗುವುದು ಸುಮಾರು 6:10ರಿಂದ 6:25ರೊಳಗೆ. ನೀನು 5 ಗಂಟೆಗೇ ಅಲ್ಲಿರಬೇಕು. ಮೋಡವಿದ್ದರೆ ಇನ್ನೂ ಬೇಗ, ಏಕೆಂದರೆ ಬೆಳಕು ಕಡಿಮೆಯಾದ ದಿನ ಅವೂ ಬೇಗ ಮರಳುತ್ತವೆ. ಹೆಚ್ಚಿನವರು ಸೂರ್ಯ ಮುಳುಗುವ ಹೊತ್ತಿಗೆ ಹೋಗಿ, ಆಕಾಶದಲ್ಲಿ ಹಿಂಡು ಸುತ್ತುವುದನ್ನಷ್ಟೇ ನೋಡಿ ಬರುತ್ತಾರೆ. ಅದು ಚೆಂದವೇ, ಆದರೆ ತಿಳಿಯಬೇಕಾದದ್ದೆಲ್ಲ ಅದಕ್ಕೂ ಮೊದಲೇ ನಡೆದಿರುತ್ತದೆ. ಹೊಲಗಳಿಂದ ಇಪ್ಪತ್ತು, ಐವತ್ತರ ಗುಂಪುಗಳು ಹೊರಟು ಮೊದಲು ಕರೆಂಟು ತಂತಿ, ಒಣಮರಗಳ ಮೇಲೆ ಸೇರುತ್ತವೆ. ಅಲ್ಲಿ ಗರಿ ತೀಡಿಕೊಳ್ಳುತ್ತ, ಒಂದೇ ಸಮ ಕಿಚಿಗುಟ್ಟುತ್ತ, ಒಂದನ್ನೊಂದು ತಳ್ಳಿ ಜಾಗ ಹಿಡಿಯುತ್ತವೆ. ಇದನ್ನೇ ಮಲಗುವ ತಾಣವೆಂದುಕೊಂಡು ಎಣಿಸಿದರೆ ಲೆಕ್ಕ ಕೆಡುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲವೂ ಎದ್ದು ಹೋಗುತ್ತವೆ.

ಎಣಿಸಬೇಕಾದದ್ದು ಬರುವ ದಾರಿಯಲ್ಲಿ. ಮಲಗುವ ಜಾಲಿಯಿಂದ ನೂರಿನ್ನೂರು ಮೀಟರ್ ದೂರ ನಿಂತು, ಎರಡು ಗುರುತು ಹಿಡಿ: ಒಂದು ಕಂಬ, ಒಂದು ಬೇವಿನ ಮರ. ಆ ಎರಡರ ನಡುವಿನ ಗೆರೆ ದಾಟಿ ಒಳಬಂದದ್ದನ್ನು ಮಾತ್ರ ಲೆಕ್ಕಕ್ಕೆ ತಗೋ, ಹೊರಗೆ ಹೋದದ್ದನ್ನು ಕಳೆ. ಇಲ್ಲದಿದ್ದರೆ ಸುತ್ತು ಹಾಕುವ ಹಿಂಡನ್ನೇ ಮೂರು ಸಲ ಎಣಿಸಿಬಿಡುತ್ತೀಯ. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಐದೈದು ನಿಮಿಷಕ್ಕೆ ಬೇರೆ ಸಾಲಿನಲ್ಲಿ ಬರೆಯಬೇಕು. ಸಣ್ಣ ಗುಂಪನ್ನು ಒಂದೊಂದಾಗಿ ಎಣಿಸಬಹುದು. ದೊಡ್ಡದಾದರೆ ಮೊದಲು 10 ಹಕ್ಕಿ ಎಣಿಸಿ ಅವು ಹಿಡಿದ ಜಾಗ ನೋಡು, ಅದರಿಂದ 100ರ ತುಂಡಿನ ಅಂದಾಜು ಮಾಡಿಕೋ, ಆಮೇಲೆ ಇಡೀ ಹಿಂಡಿನಲ್ಲಿ ಅಂಥ ತುಂಡು ಎಷ್ಟಿವೆ ನೋಡು. ಅಂಚಿನಲ್ಲಿ ಹಕ್ಕಿ ವಿರಳ, ನಡುವೆ ದಟ್ಟ, ಹಿಂದಿನವು ಮುಂದಿನವುಗಳ ಮರೆಯಲ್ಲಿ. ಹೀಗಾಗಿ ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಒಂದೆರಡು ಫೋಟೊ ತೆಗೆದು, ಮನೆಯಲ್ಲಿ ಚೌಕ ಎಳೆದು ಎಣಿಸಿದರೆ ನಿನ್ನ ಅಂದಾಜು ಎಷ್ಟು ತಪ್ಪುತ್ತದೆಂದು ಗೊತ್ತಾಗುತ್ತದೆ. ಬೈನಾಕ್ಯುಲರ್ 8×42 (8 ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. ಹೆಚ್ಚು ದೊಡ್ಡದು ಮಾಡಿ ತೋರಿಸುವುದರಲ್ಲಿ ಹಿಂಡಿನ ಒಂದು ಮೂಲೆ ಮಾತ್ರ ಕಾಣುತ್ತದೆ. ಬಣ್ಣ ನೋಡಲು ಸೂರ್ಯ ಬೆನ್ನಿಗಿರಲಿ, ಎಣಿಸಲು ಪಡುವಣದ ಬೆಳಕಿನಾಕಾಶ ಎದುರಿಗಿರಲಿ.

ಡೇಗೆಯೋ ಬಿಜ್ಜುವೋ, ಅಂಥ ಬೇಟೆಹಕ್ಕಿ ನುಗ್ಗಿದರೆ ಹಿಂಡು ಮುಷ್ಟಿ ಬಿಗಿದಂತೆ ಒಂದೇ ಉಸಿರಿಗೆ ಗಟ್ಟಿಯಾಗುತ್ತದೆ. ಇದರಲ್ಲಿ ನಾಯಕನಿಲ್ಲ. ರೋಮ್ ನಗರದ ಮೇಲೆ ಹಾರುವ ಯುರೋಪಿನ ಕಬ್ಬಕ್ಕಿಗಳ ಚಿತ್ರ ತೆಗೆದು ಲೆಕ್ಕ ಹಾಕಿದ ಭೌತವಿಜ್ಞಾನಿಗಳು, ಒಂದೊಂದು ಹಕ್ಕಿಯೂ ತನ್ನ ಹತ್ತಿರದ ಆರೇಳು ಹಕ್ಕಿಗಳನ್ನಷ್ಟೇ ಗಮನಿಸುತ್ತದೆ, ಅವು ಎಷ್ಟು ದೂರ ಇದ್ದರೂ ಸರಿ, ಎಂದು 2008ರಲ್ಲಿ ತೋರಿಸಿದರು. ಆ ತಂಡದ ಜೊರ್ಜೊ ಪರೀಸಿ ಅವರಿಗೆ 2021ರ ಭೌತವಿಜ್ಞಾನ ನೊಬೆಲ್ ಬಂತು. ಹಿಂಡು ಹಿಗ್ಗಿ ಕುಗ್ಗಿದರೂ ಒಡೆಯದಿರುವುದು, ಹೀಗೆ ಹತ್ತಿರದ ಕೆಲವನ್ನಷ್ಟೇ ಗಮನಿಸುವುದರಿಂದ.

ಕತ್ತಲಾದ ಮೇಲೆ ಜಾಲಿಯ ಹತ್ತಿರ ಹೋಗಬೇಡ, ಟಾರ್ಚ್ ಹಾಕಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಒಮ್ಮೆ ಬೆದರಿ ಎದ್ದರೆ ಕತ್ತಲಲ್ಲಿ ಮತ್ತೆ ಕೂರಲು ಒದ್ದಾಡುತ್ತವೆ, ಪದೇಪದೇ ಆದರೆ ತಾಣವನ್ನೇ ಬಿಡುತ್ತವೆ. ಜಾಲಿ ಕಡಿದರೂ ಅಷ್ಟೇ.

ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸುವ ರೈತರ ಕಷ್ಟವನ್ನೂ ಮರೆಯಬೇಡ. ತೆನೆಗೆ ಇವು ಮಾಡುವ ನಷ್ಟ ನಿಜ, ಮಿಡತೆ ತಿಂದು ಮಾಡುವ ಉಪಕಾರವೂ ನಿಜ. ಹಿಂಡು ಯಾವ ದಿಕ್ಕಿನಿಂದ ಬರುತ್ತದೆಂದು ಅವರಿಗೇ ಚೆನ್ನಾಗಿ ಗೊತ್ತು, ಮೊದಲು ಅವರನ್ನೇ ಕೇಳು.

ಇವು ಏಪ್ರಿಲ್ ಹೊತ್ತಿಗೆ ಮಧ್ಯ ಏಷ್ಯಾದ ಕಡೆ ಹೊರಡುತ್ತವೆ. ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ಅದೇ ಗುರುತು, ಅದೇ ಹೊತ್ತು ಹಿಡಿದು ಎಣಿಸಿ, ಹಕ್ಕಿ ನೋಡಿದ ಲೆಕ್ಕ ಕೂಡಿಡುವ ಇ-ಬರ್ಡ್ ಜಾಲತಾಣಕ್ಕೆ ಹಾಕು. ಮೊದಲ ಪಟ್ಟಿಯ ಫೋಟೊ ನನಗೂ ಕಳಿಸು.

ನಿನ್ನ,
ಪ್ರಕಾಶ