ಇನ್ನು ಮುಂದೆ ಪಟ್ಟಿ ಅಚ್ಚು ಕೆತ್ತಿದವರ ಹೆಸರಿನಲ್ಲಿ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಅಮೆರಿಕದ ಹಳೇ ವ್ಯಾಪಾರಿ ಟೋಕನ್‌ಗಳ (ಅಂಗಡಿಯವರು ತಮ್ಮ ಹೆಸರಲ್ಲಿ ಹೊಡೆಸಿದ ನಾಣ್ಯದಂಥ ಬಿಲ್ಲೆಗಳು) ನಮ್ಮ ಮಾರಾಟದ ಪಟ್ಟಿ ಇಷ್ಟು ದಿನ ರಾಜ್ಯ, ಊರು, ಅಂಗಡಿ ಅನ್ನೋ ಕ್ರಮದಲ್ಲಿ ಬರುತ್ತಿತ್ತು. ಮುಂದಿನ ಪಟ್ಟಿಯಲ್ಲಿ ಅಲ್ಲಿನ ಅಂತರ್ಯುದ್ಧದ (1861–65) ಕಾಲದ ಟೋಕನ್‌ಗಳನ್ನು, ಅವನ್ನು ಹೊಡೆಯುವ ಅಚ್ಚು ಕೆತ್ತಿದವರ ಹೆಸರಿನಡಿ ಹಾಕುತ್ತೇವೆ. 1830ರ ದಶಕದವು ಸದ್ಯಕ್ಕೆ ಹಳೇ ಕ್ರಮದಲ್ಲೇ ಇರುತ್ತವೆ.

ಯಾಕೆ ಅಂತ ಹೇಳಬೇಕಲ್ವಾ? 1862ರಲ್ಲಿ ಜನ ನಾಣ್ಯ ಕೂಡಿಟ್ಟುಕೊಂಡರು, ಚಿಲ್ಲರೆಗೆ ಬರ ಬಂತು. ಅಂಗಡಿಯವರು ತಮ್ಮದೇ ಟೋಕನ್ ಮಾಡಿಸಿಕೊಂಡರು. ಜಾಸ್ತಿ ಸಿಗುವುದು 1863ರವು. 1864ರಲ್ಲಿ ಕಾನೂನು ಬಂದು ಎಲ್ಲಾ ನಿಂತಿತು. ಒಂದು ಬದಿಗೆ ಅಂಗಡಿಯ ಹೆಸರು ಕೆತ್ತುತ್ತಿದ್ದರು. ಇನ್ನೊಂದು ಬದಿಗೆ ಕೆತ್ತುವವರ ಹತ್ತಿರ ಮೊದಲೇ ಇದ್ದ ಅಚ್ಚು. ಅದೇ ಅಚ್ಚು ಎಷ್ಟೋ ಅಂಗಡಿಗಳಿಗೆ ಆಗುತ್ತಿತ್ತು. ಸಿನ್ಸಿನಾಟಿಯ ಡಬ್ಲ್ಯೂ. ಕೆ. ಲ್ಯಾನ್‌ಫಿಯರ್ ಒಹಾಯೊ ಅಷ್ಟೇ ಅಲ್ಲ, ಇಂಡಿಯಾನಾ, ಮಿಶಿಗನ್‌ನ ಸಣ್ಣ ಊರುಗಳಿಗೂ ಮಾಡಿಕೊಟ್ಟಿದ್ದಾನೆ. ಊರಿನ ಕ್ರಮದಲ್ಲಿ ಇವೆಲ್ಲ ಚೆಲ್ಲಾಪಿಲ್ಲಿ ಆಗುತ್ತವೆ. ಪಕ್ಕಪಕ್ಕ ಇಟ್ಟು ನೋಡಿ: ಒಂದರಲ್ಲಿ ಕೂದಲೆಳೆಯಷ್ಟಿರುವ ಅಚ್ಚಿನ ಬಿರುಕು ಇನ್ನೊಂದರಲ್ಲಿ ಅಂಚಿನವರೆಗೂ ಓಡಿರುತ್ತದೆ. ಹೊಡೆದಷ್ಟೂ ಬಿರುಕು ಬೆಳೆಯುವುದರಿಂದ ಯಾವ ಅಂಗಡಿಯದು ಮೊದಲು, ಯಾವುದು ಆಮೇಲೆ ಅಂತ ಅಲ್ಲೇ ಗೊತ್ತಾಗುತ್ತದೆ. ನಮಗಂತೂ ಈ ಹವ್ಯಾಸದ ರುಚಿ ಇರುವುದೇ ಇಲ್ಲಿ.

ಕೆತ್ತುವವರು ತಮ್ಮ ಪ್ರಚಾರಕ್ಕೂ ಟೋಕನ್ ಹೊಡೆದಿದ್ದರು. ಬಾಸ್ಟನ್‌ನ ಜೋಸೆಫ್ ಮೆರಿಯಮ್‌ದು ನಾಯಿ ತಲೆಯದು, ಸೊಗಸಾದ ಕೆಲಸ. ನ್ಯೂಯಾರ್ಕ್‌ನ ಎಮಿಲ್ ಸೀಗಲ್, ಶಿಕಾಗೊದ ಚೈಲ್ಡ್ಸ್ ಕೂಡ ಮಾಡಿದ್ದಾರೆ. ಇಂಥವು ಕೈಯಲ್ಲಿದ್ದರೆ ಆಯಾ ಭಾಗದ ಮೊದಲಿಗೆ ಅವನ್ನೇ ಇಡುತ್ತೇವೆ.

ಒಂದು ವಿಷಯ ಸ್ಪಷ್ಟವಾಗಿರಲಿ. ಟೋಕನ್ ಮೇಲೆ ಕೆತ್ತಿದವರ ಸಹಿ ಇದ್ದರೆ, ಇಲ್ಲವೇ ಸಹಿ ಇರುವ ಟೋಕನ್ ಜೊತೆ ಅಚ್ಚು ಕೂಡಿಬಂದರೆ ಮಾತ್ರ ಹೆಸರು ಹಾಕುತ್ತೇವೆ. ಅಚ್ಚುಗಳು ಕೈಯಿಂದ ಕೈಗೆ ಹೋದದ್ದೂ ಉಂಟು. ಹಾಗಾಗಿ ಅನುಮಾನ ಬಂದರೆ ಆ ಟೋಕನ್ 'ಕೆತ್ತಿದವರು ತಿಳಿಯದು' ಅನ್ನೋ ಭಾಗಕ್ಕೆ ಹೋಗುತ್ತದೆ. ಸುಮ್ನೆ ದೊಡ್ಡ ಹೆಸರು ಅಂಟಿಸಿ ರೇಟು ಏರಿಸುವುದು ನಮ್ಮಿಂದಾಗದು. ಈ ಬದಲಾವಣೆಯಿಂದ ಯಾವ ಟೋಕನ್‌ನ ಬೆಲೆಯೂ ಹೆಚ್ಚಾಗುವುದಿಲ್ಲ.

ಫುಲ್ಡ್ ಸಂಖ್ಯೆ (ಈ ಟೋಕನ್‌ಗಳನ್ನು ಗುರುತಿಸಲು ಸಂಗ್ರಾಹಕರು ಬಳಸುವ ಕ್ಯಾಟಲಾಗ್ ಸಂಖ್ಯೆ) ಪ್ರತಿ ಸಾಲಿನಲ್ಲೂ ಇದ್ದೇ ಇರುತ್ತದೆ. ಅದು ರಾಜ್ಯ, ಊರಿನ ಮೇಲೇ ನಿಂತ ಸಂಖ್ಯೆ. ಹಾಗಾಗಿ ನಿಮ್ಮ ಆಲ್ಬಮ್ ತಿರುಗಿ ಜೋಡಿಸುವ ಕೆಲಸವಿಲ್ಲ. ಒಂದೇ ಊರಿನವನ್ನು ಕೂಡಿಸುವವರು ಪಟ್ಟಿ ತರಿಸಿಕೊಳ್ಳುವಾಗ 'ಹಳೇ ಕ್ರಮ' ಅಂತ ಬರೆಯಿರಿ, ಹಾಗೇ ಕಳಿಸುತ್ತೇವೆ. ಈಗಾಗಲೇ ಕೊಟ್ಟಿರುವ ಆರ್ಡರ್‌ಗಳು ಹಳೇ ಪಟ್ಟಿಯ ಪ್ರಕಾರವೇ ಹೊರಡುತ್ತವೆ.

ಇಂತಿ,
ಅಂಗಡಿಯ ಎಲ್ಲರ ಪರವಾಗಿ