ಶೀನನಿಗೊಂದು ಪತ್ರ: ಕಾಬೂಲಿನ ಹಿಮ, ಕುದುರೆಯ ಹಳೇ ಕಂಬಳಿ

ಲೋ ಶೀನ,

ಕಾಬೂಲಿನ ಮಾತೆತ್ತಿದರೆ ಸಾಕು, "ಕಂಪನಿಯವರಿಗೆ ಸರಿಯಾಗಿ ಬಿತ್ತು" ಅಂತ ಕುಣೀತೀಯ. ಅದಕ್ಕೇ ಈ ಕಾಗದ ಎಲ್ಲರ ಎದುರಿಗೇ ಬರೀತಿದ್ದೀನಿ. ಛತ್ರಿ ವಿಷಯ ಎತ್ತಲ್ಲ, ಹೆದರಬೇಡ.

ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕಾಬೂಲನ್ನು ಹಿಡಿದು ಕೂತಿತ್ತು, ಆಫ್ಘನ್ನರು ತಿರುಗಿಬಿದ್ದ ಮೇಲೆ ಜಲಾಲಾಬಾದಿನಲ್ಲಿದ್ದ ತನ್ನ ಇನ್ನೊಂದು ದಂಡಿನ ಕಡೆಗೆ ಹಿಮದಲ್ಲೇ ಕಾಲ್ತೆಗೆಯಿತು. ಅದರಲ್ಲಿ ಯಾರಿಗೆ ಬಿತ್ತು, ಲೆಕ್ಕ ನೋಡು. 1842ರ ಜನವರಿ 6ರಂದು ಕಾಬೂಲಿನ ದಂಡು ಬಿಟ್ಟು ಹೊರಟ ಸೈನಿಕರು ಸುಮಾರು 4,500. ಅದರಲ್ಲಿ ಬಿಳಿಯರು 700ರಷ್ಟು. ಮಿಕ್ಕವರಲ್ಲಿ ಹೆಚ್ಚಿನವರು ನಮ್ಮ ಕಡೆಯ ಸಿಪಾಯಿಗಳು, ಸವಾರರು. ಜೊತೆಗೆ ಅಡುಗೆಯವರು, ನೀರು ಹೊರುವವರು, ಕುದುರೆ ನೋಡಿಕೊಳ್ಳುವವರು, ಹೆಂಗಸರು, ಮಕ್ಕಳು ಸೇರಿ ಇನ್ನೂ 12,000 ಜನ.

ಜಲಾಲಾಬಾದ್ ಬರೀ 140 ಕಿ.ಮೀ. ಆಸುಪಾಸು. ಆದರೆ ದವಸದ ಉಗ್ರಾಣವನ್ನು ದಂಡಿನ ಗೋಡೆಯಾಚೆ ಇಟ್ಟಿದ್ದರಲ್ಲ, ಅದು ನವೆಂಬರಿನಲ್ಲೇ ಕೈತಪ್ಪಿತ್ತು. ಅರೆಹೊಟ್ಟೆಯಲ್ಲೇ ಹೊರಟರು. ಪರಿವಾರದವರೆಲ್ಲ ಸೈನಿಕರ ಸಾಲಿನೊಳಗೇ ನುಗ್ಗಿದ್ದರಿಂದ ಮುಂದಿನವರಿಗೆ ದಾರಿಯಿಲ್ಲ, ಹಿಂದಿನವರಿಗೆ ಬಂದೂಕು ಎತ್ತೋಕೂ ಜಾಗವಿಲ್ಲ. ಮೊದಲ ದಿನ ಹತ್ತು ಕಿ.ಮೀ. ಕೂಡ ಸಾಗಲಿಲ್ಲ. ಸಾಮಾನು ಸಂಜೆಯೊಳಗೇ ಲೂಟಿ.

ಆ ರಾತ್ರಿ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿಯ ಕೈಕೆಳಗಿದ್ದ ಆಫ್ಘನ್ ಬಂದೂಕುಗಾರರು ಹಿಮ ಬಾಚಿ ನೆಲ ಕಾಣಿಸಿಕೊಂಡರು. ಪಾದಗಳೆಲ್ಲ ನಡುವೆ ಬರುವಂತೆ ಚಕ್ರದ ಅರೆಗಳ ಹಾಗೆ ಸುತ್ತ ಮಲಗಿದರು. ಇದ್ದಬದ್ದ ತೊಗಲಂಗಿಗಳನ್ನೆಲ್ಲ ಒಟ್ಟಿಗೆ ಮೇಲೆ ಹೊದ್ದರು. ಸಿಪಾಯಿಗಳು ತಮ್ಮ ಟೋಪಿ, ಬೆಲ್ಟುಗಳನ್ನು ಸುಟ್ಟು ಚಳಿ ಕಾಯಿಸಿದರು. ಬೆಳಗ್ಗೆ ಎಷ್ಟೋ ಜನರ ಕೈಗೆ ಬಂದೂಕು ಹಿಡಿಯೋಕೇ ಆಗಲಿಲ್ಲ. ಕುದುರೆಗಳ ಗೊರಸಿಗೆ ಮೆತ್ತಿ ಗಟ್ಟಿಯಾದ ಹಿಮವನ್ನು ಉಳಿ ಸುತ್ತಿಗೆಯಿಂದ ಕೀಳಬೇಕಾಯಿತು.

ಪಾದದ ಕಥೆ ಇನ್ನೂ ಕೆಟ್ಟದ್ದು. ಒದ್ದೆ ಬೂಟು ಬಿಗಿದಷ್ಟೂ ಬೆರಳಿಗೆ ರಕ್ತ ಇಳಿಯಲ್ಲ. ಮೊದಲು ಉರಿ, ಆಮೇಲೆ ಜೋಮು, ಆಮೇಲೆ ಬಿಳಿಚಿಕೊಂಡು ಮರಗಟ್ಟುತ್ತೆ. ಅದನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಂಡು ಮತ್ತೆ ಹಿಮಕ್ಕಿಳಿದರೆ ಎರಡನೇ ಸಲ ಹೆಪ್ಪುಗಟ್ಟಿ ಕಪ್ಪಾಗುತ್ತೆ. ದಾರಿಯಲ್ಲಿ ಸಿಗುವ ಖುರ್ದ್ ಕಾಬೂಲ್ ಕಣಿವೆ ಐದು ಮೈಲಿ. ಅಷ್ಟರಲ್ಲಿ ಒಂದೇ ತೊರೆಯನ್ನು ಇಪ್ಪತ್ತಕ್ಕೂ ಹೆಚ್ಚು ಸಲ ದಾಟಬೇಕು. ಮೇಲಿಂದ ಘಿಲ್ಜಾಯಿ ಅನ್ನೋ ಆಫ್ಘನ್ ಬುಡಕಟ್ಟಿನವರ ಗುಂಡು. ಜನವರಿ 8ರಂದು ಅಲ್ಲೇ ಸುಮಾರು 3,000 ಜನ ಸತ್ತರು.

13ರಂದು ಗಂಡಮಕ್ ಗುಡ್ಡದ ಮೇಲೆ ಬಿಳಿಯರ 44ನೇ ರೆಜಿಮೆಂಟಿನ ಕೊನೆಯ ಗುಂಪು ಮುಗಿಯಿತು. ಅದೇ ದಿನ ಸೈನ್ಯದ ಡಾಕ್ಟರ್ ಬ್ರೈಡನ್ ಜಲಾಲಾಬಾದ್ ಮುಟ್ಟಿದ. ಅಲ್ಲಿ ದಂಡಿನ ಮುಖ್ಯಸ್ಥ ಸೇಲ್, 1799ರಲ್ಲಿ ನಮ್ಮ ಮಳವಳ್ಳಿ, ಶ್ರೀರಂಗಪಟ್ಟಣಗಳಲ್ಲಿ ಟಿಪ್ಪುವಿನ ಮೇಲೆ ಕಾದಿದ್ದವನೇ! "ಒಬ್ಬನೇ ಬದುಕಿ ಬಂದ" ಅಂತ ಚಿತ್ರ ಬರೆದರಲ್ಲ, ಆಮೇಲೆ ಒಬ್ಬೊಬ್ಬರಾಗಿ ಬಂದ ಸಿಪಾಯಿಗಳನ್ನು ಯಾರೂ ಬರೆಯಲಿಲ್ಲ. ಸೆಪ್ಟೆಂಬರಿನಲ್ಲಿ ಜನರಲ್ ಪೊಲಾಕ್ ಕಾಬೂಲಿಗೆ ವಾಪಸ್ ಹೋದಾಗ ಕೈಕಾಲು ಕಳೆದುಕೊಂಡು ಭಿಕ್ಷೆ ಬೇಡುತ್ತಿದ್ದವರು ನೂರಾರು ಜನ ಸಿಕ್ಕರು. ಅವನ ಸೈನ್ಯ ಕಾಬೂಲಿನ ದೊಡ್ಡ ಬಜಾರನ್ನು ಸಿಡಿಸಿ ಸೇಡು ತೀರಿಸಿಕೊಂಡಿತು. ಅಂಗಡಿಯವರು ಏನು ಮಾಡಿದ್ದರೋ! ಹಿಮದಲ್ಲಿ ಅಳಿದ ಸಿಪಾಯಿ ರೆಜಿಮೆಂಟುಗಳಲ್ಲಿ ಬಂಗಾಳ ಸೈನ್ಯದ 54ನೆಯದೂ ಒಂದು. 1857ರ ಮೇ 11ರಂದು ದಿಲ್ಲಿಯಲ್ಲಿ ತಿರುಗಿಬಿದ್ದವರಲ್ಲಿ ಅದೇ ನಂಬರಿನವರಿದ್ದರು. ಬಂಗಾಳ ಸೈನ್ಯದ ಬಹುಪಾಲೇ ಎದ್ದಿದ್ದರಿಂದ ಇದರಿಂದ ಏನೂ ಸಾಬೀತಾಗಲ್ಲ ಅನ್ನು. ಆದರೂ ತಲೆಯಿಂದ ಹೋಗ್ತಿಲ್ಲ.

ನನ್ನನ್ನು ಕಾಡ್ತಿರೋದು ಇನ್ನೂ ಸಣ್ಣದು. ಕಾಬೂಲಿನಿಂದ ಹೊರಡುವ ಮೊದಲು ಕಂಪನಿಯ ಅಧಿಕಾರಿ ಎಲ್ಡ್ರೆಡ್ ಪಾಟಿಂಜರ್ ಒಂದು ಮಾತು ಹೇಳಿದ್ದ: ಕುದುರೆಯ ಹಳೇ ಕಂಬಳಿಗಳನ್ನು ಉದ್ದುದ್ದ ಸೀಳಿ, ಆಫ್ಘನ್ನರ ಹಾಗೆ ಸೈನಿಕರ ಕಾಲಿಗೆ ಸುತ್ತಿಸಿ ಅಂತ. ಖರ್ಚಿಲ್ಲ, ಅರ್ಧ ದಿನದ ಕೆಲಸ. ಮೇಲಿನವರು ಒಪ್ಪಲಿಲ್ಲ.

ನೀನಾದರೆ ಅವರನ್ನು ಬೈದು ಮುಗಿಸ್ತೀಯ. ನನಗೆ ಆಗ್ತಿಲ್ಲ ಕಣೋ. ಆ ಕುರ್ಚಿಯಲ್ಲಿ ನಾನಿದ್ದಿದ್ದರೂ ಬೇಡ ಅಂತಿದ್ದೆ ಅನಿಸುತ್ತೆ. ಬೂಟು ಕೊಟ್ಟಿದೆಯಲ್ಲ, ಹರಕು ಕಂಬಳಿ ಸುತ್ತಿಕೊಂಡರೆ ಶಿಸ್ತು ಏನಾಯ್ತು, ಆರ್ಡರ್ ಎಲ್ಲಿದೆ ಅಂತ ಕೇಳಿ, ಷರಾ ಬರೆದು, ಕಡತ ಮುಚ್ಚಿ ನೆಮ್ಮದಿಯಾಗಿ ಮಲಗ್ತಿದ್ದೆ. ಸೋತವರ ತಪ್ಪು ಹೆಕ್ಕುವುದರಲ್ಲಿ ನನಗಿರೋ ಚಪಲ ನಿನಗೆ ಗೊತ್ತೇ ಇದೆ. ಈ ಸಲ ಹೆಕ್ಕಿದ್ದರಲ್ಲಿ ನನ್ನ ಅಕ್ಷರವೇ ಕಂಡ ಹಾಗಾಯ್ತು.

ಸಾಕು, ಇಷ್ಟು ಜನರೆದುರು ಇಷ್ಟು ಬೇಡವಾಗಿತ್ತು. ಹೆಡ್ ಗುಮಾಸ್ತನ ಆತ್ಮ ಅಂತ ನೀನು ಇಟ್ಟ ಹೆಸರು ಇನ್ನು ಊರಿಗೆಲ್ಲ ಖಾಯಂ. ಕೊಡಚಾದ್ರಿಗೆ ಬರ್ತೀನಿ. ಸಾಮಾನಿನ ಜವಾಬ್ದಾರಿ ನಿಂದು. ಉಪ್ಪಿನಕಾಯಿ ಡಬ್ಬ ಯಾರ ಬ್ಯಾಗಲ್ಲಿ ಅನ್ನೋದು ಮಾತ್ರ ಹೊರಡೋ ಮುಂಚೆಯೇ ಬರವಣಿಗೆಯಲ್ಲಿ ಬೇಕು, ನಿನ್ನ ಸಹಿ ಸಮೇತ.

ನಿನ್ನ,
ಹೆ. ಗು.