ಚಿಕಿತ್ಸೆ ಮುಗಿದವರನ್ನೂ ವಿಚಾರಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ಫೆಬ್ರುವರಿ 4ರ ವಿಶ್ವ ಕ್ಯಾನ್ಸರ್ ದಿನದ ಜಾಥಾದ ಫೋಟೊ ಜಿಲ್ಲಾ ಪುಟದಲ್ಲಿ ನೋಡಿದೆ. ಮಕ್ಕಳ ಕೈಯಲ್ಲಿದ್ದ ಫಲಕಗಳಲ್ಲಿ ‘ತಂಬಾಕು ಬಿಡಿ’, ‘ಬೇಗ ಪತ್ತೆ ಮಾಡಿ’ ಅಂತ ಬರೆದಿತ್ತು. ಸರಿಯಾದ ಮಾತೇ. ಆದರೆ ಪತ್ತೆಯಾಗಿ, ಆಪರೇಷನ್ ಆಗಿ, ಕರೆಂಟ್ ಇಡಿಸಿಕೊಂಡು (ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಅನ್ನುತ್ತಾರೆ) ಮನೆಗೆ ಬಂದವರು ಆಮೇಲೆ ಏನು ಮಾಡಬೇಕು? ಅದರ ಬಗ್ಗೆ ಯಾವ ಫಲಕವೂ ಇರಲಿಲ್ಲ. ನಾನು ಹಾಸನದಲ್ಲಿ ಆಲೂಗಡ್ಡೆ ವ್ಯಾಪಾರ ಮಾಡುವವನು. ಕೆನ್ನೆಯ ಒಳಗಿನ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ಚಿಕಿತ್ಸೆಯಾಗಿ ಕೆಲವು ವರ್ಷ ಕಳೆದಿದೆ.

ಊರಿಗೆ ಬಂದಾಗ ಎಲ್ಲರೂ ಒಂದೇ ಮಾತು ಹೇಳಿದರು. ‘ಮುಗೀತಲ್ಲ, ಇನ್ನು ಧೈರ್ಯವಾಗಿರು.’ ಆದರೆ ಮುಗಿದಿರಲಿಲ್ಲ. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಬಾಯಿ ಹಿಗ್ಗಿಸುವ ವ್ಯಾಯಾಮವನ್ನು ಆಸ್ಪತ್ರೆಯಲ್ಲಿ ಕಲಿಸಿದ್ದರು. ಈಗಲೂ ಮಾಡುತ್ತೇನೆ. ಬಿಟ್ಟರೆ ದವಡೆ ಮತ್ತೆ ಬಿಗಿಯುತ್ತದೆ. ಜೊಲ್ಲು ಸುರಿಸುವ ಗ್ರಂಥಿಗಳಿಗೂ ಪೆಟ್ಟು ಬಿದ್ದಿರುವುದರಿಂದ ನೀರಿನ ಬಾಟಲಿ ಸದಾ ಜೊತೆಗಿರಬೇಕು. ನಮ್ಮದು ಮುದ್ದೆ ಊರು ಎಂಬುದೇ ಪುಣ್ಯ. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು. ಬಸ್ಸಾರು ಜಾಸ್ತಿ ಹಾಕಿಕೊಂಡು ಸಣ್ಣ ತುತ್ತು ಮಾಡಿದರೆ ಸಲೀಸಾಗಿ ಇಳಿಯುತ್ತದೆ. ಚಪಾತಿ ತಿನ್ನುವ ಕಡೆ ಹುಟ್ಟಿದ್ದರೆ ನನ್ನ ಕಥೆ ಅಷ್ಟೇ.

ಕಷ್ಟ ಇದ್ದದ್ದು ಮದುವೆ ಊಟದಲ್ಲಿ. ಪಂಕ್ತಿಯಲ್ಲಿ ಕೂತರೆ ಎದುರಿನವರು ನನ್ನ ಬಾಯಿಯನ್ನೇ ನೋಡುತ್ತಾರೆ. ತುಟಿಯ ಅಂಚಿನಲ್ಲಿ ಸಾರು ಇಳಿಯುವುದು ನನಗೇ ಗೊತ್ತಾಗುವುದಿಲ್ಲ. ಎಷ್ಟೋ ದಿನ ಸುಮ್ನೆ ಉಡುಗೊರೆ ಕೊಟ್ಟು ವಾಪಸ್ ಬರುತ್ತಿದ್ದೆ. ಮಂಡಿಯಲ್ಲಿ ರೇಟು ಕೂಗಿ ಬದುಕಿದವನ ಮಾತೇ ತೊದಲಾಗಿದೆ. ಫೋನ್ ಮಾಡಿದ ಹಳೇ ಗಿರಾಕಿಯೊಬ್ಬರು ‘ಏನ್ರೀ, ಬೆಳಗ್ಗೇನೇ ಹಾಕ್ಕೊಂಡಿದೀರಾ?’ ಅಂದರು. ಆಗ ನಕ್ಕೆ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟೆ. ಈಗ ರೇಟು ಕೂಗುವುದು ಮಗ, ಲೆಕ್ಕ ಬರೆಯುವುದು ನಾನು.

ಬರಬರುತ್ತಾ ಹಾಸಿಗೆಯಿಂದ ಏಳುವುದೇ ಬೇಡ ಅನ್ನಿಸತೊಡಗಿತು. ಸುಸ್ತು, ಮೈ ಭಾರ, ಯಾರ ಜೊತೆಗೂ ಮಾತು ಬೇಡ. ಮನೆಯವರು ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಅಂದರು. ತಪಾಸಣೆಗೆ ಹೋದಾಗ ಡಾಕ್ಟರು ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕುಸಿದಿತ್ತು. ಕುತ್ತಿಗೆಗೆ ಕರೆಂಟ್ ಇಟ್ಟವರಿಗೆ ಇದು ಆಗುವುದುಂಟಂತೆ. ಅದಕ್ಕೇ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿಸಬೇಕು. ಈಗ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ. ನುಂಗಿದ ತಕ್ಷಣ ಕಾಫಿ ಕುಡಿಯುವ ಹಾಗಿಲ್ಲ, ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಾಸನದವನಿಗೆ ಇದೂ ಒಂದು ಶಿಕ್ಷೆಯೇ, ಅಲ್ವಾ? ಮಾತ್ರೆ ಶುರುವಾದ ಮೇಲೆ ಸುಸ್ತು ಮೆಲ್ಲಗೆ ಇಳಿಯಿತು. ‘ಧೈರ್ಯ ತಗೋ’ ಅನ್ನುವ ಮುಂಚೆ ರಕ್ತಪರೀಕ್ಷೆ ಆಗಿದೆಯಾ ಅಂತಲೂ ಕೇಳಿ.

ಹಾಗಂತ ಎಲ್ಲವೂ ಥೈರಾಯ್ಡ್ ಅಲ್ಲ. ಭಯ ಬೇರೆ. ಮೋಡದ ವಾತಾವರಣದಲ್ಲಿ ಹಬ್ಬುವ ಅಂಗಮಾರಿ ರೋಗಕ್ಕೆ ಆಲೂಗಡ್ಡೆ ಬೆಳೆ ಕಳೆದುಕೊಂಡ ರೈತ ಆಮೇಲೆ ಮೋಡ ಕಂಡರೂ ಹೆದರುತ್ತಾನೆ. ತಪಾಸಣೆ ದಿನ ಹತ್ತಿರ ಬಂದರೆ ನನಗೂ ಹಾಗೇ. ಸಣ್ಣ ಬಾಯಿಹುಣ್ಣಾದರೂ ರಾತ್ರಿ ನಿದ್ದೆ ಇಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನನ್ನ ತೊದಲು ಅವರಿಗೆ ಅರ್ಥವಾಗುತ್ತೋ ಇಲ್ಲವೋ ಅಂತ ಮೊದಲು ಹೆಂಡತಿ ಕೈಲಿ ಫೋನ್ ಮಾಡಿಸಿದೆ. ಅವಳು ನನ್ನ ವಿಷಯ ಹೇಳಲು ಹೋಗಿ ತನ್ನದನ್ನೇ ಹೇಳಿಕೊಂಡು ಅತ್ತಳು. ನನ್ನ ಬಾಯಿ ನೋಡಿಕೊಳ್ಳುವ ಗಡಿಬಿಡಿಯಲ್ಲಿ ಅವಳನ್ನು ಯಾರೂ ವಿಚಾರಿಸಿರಲೇ ಇಲ್ಲ.

ಹಲ್ಲಿನ ವಿಷಯ ಹೇಳಲೇಬೇಕು. ಹಲ್ಲುನೋವು ಅಂತ ಇಲ್ಲಿನ ಒಂದು ಕ್ಲಿನಿಕ್‌ಗೆ ಹೋದಾಗ ‘ಕಿತ್ತು ಬಿಡೋಣ’ ಅಂದರು. ನಾನು ಫೈಲ್ ತೋರಿಸಿದ ಮೇಲೆ ಕೈಬಿಟ್ಟರು. ಕರೆಂಟ್ ಇಟ್ಟ ದವಡೆಗೆ ರಕ್ತ ಸಂಚಾರ ಕಡಿಮೆ. ಹಲ್ಲು ಕಿತ್ತ ಗಾಯ ಮಾಯದೆ ಮೂಳೆಯೇ ಸಾಯಬಹುದು. ಎಷ್ಟು ವರ್ಷ ಕಳೆದರೂ ಈ ಅಪಾಯ ಹೋಗುವುದಿಲ್ಲ. ಯಾವ ದಂತವೈದ್ಯರ ಹತ್ತಿರ ಹೋದರೂ ಬಾಯಿಬಿಡುವ ಮುಂಚೆ ಇದನ್ನು ಹೇಳಿ.

ಇನ್ನು ಅಡಿಕೆ. ‘ತಂಬಾಕು ಹಾಕಿಲ್ಲ, ಬರೀ ಎಲೆಅಡಿಕೆ’ ಅಂತ ಇವತ್ತಿಗೂ ತಟ್ಟೆ ಮುಂದೆ ಮಾಡುತ್ತಾರೆ, ಅದೂ ನನಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ, ಗೊತ್ತು. ಒಮ್ಮೆ ಕ್ಯಾನ್ಸರ್ ಬಂದ ಬಾಯಲ್ಲಿ ಇನ್ನೊಂದು ಜಾಗದಲ್ಲಿ ಹೊಸದಾಗಿ ಬರುವ ಸಾಧ್ಯತೆಯೂ ಇದೆ. ದಯವಿಟ್ಟು ನಮ್ಮಂಥವರಿಗೆ ಬಾಳೆಹಣ್ಣು ಕೊಡಿ, ಸಾಕು.

ತಪಾಸಣೆಗೆ ಬೆಂಗಳೂರಿಗೆ ಹೋಗುವವರಿಗೆ ಒಂದು ಮಾಹಿತಿ. ಆಸ್ಪತ್ರೆಯಿಂದ ಸರ್ಟಿಫಿಕೇಟ್ ತಂದರೆ ರೈಲಿನಲ್ಲಿ ರಿಯಾಯಿತಿ ಸಿಗುತ್ತದೆ. ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ ಉಚಿತ, ಜೊತೆಗೆ ಬರುವ ಒಬ್ಬರಿಗೆ ಶೇ 75 ರಿಯಾಯಿತಿ. ಚಿಕಿತ್ಸೆಗೆ ಮಾತ್ರವಲ್ಲ, ಆಮೇಲಿನ ತಪಾಸಣೆಗೆ ಹೋಗುವಾಗಲೂ ಇದು ಅನ್ವಯ.

2025ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಹೇಳಿದ್ದರು. ಒಳ್ಳೆಯದು. ಆದರೆ ಅದು ಕಿಮೋ ಕೊಟ್ಟು ಕಳಿಸುವ ಜಾಗ ಮಾತ್ರ ಆಗಬಾರದು. ವಾರಕ್ಕೊಂದು ದಿನ ಚಿಕಿತ್ಸೆ ಮುಗಿದವರಿಗಾಗಿ ಇಡಿ. ಒಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ದಂತವೈದ್ಯರು, ಮನೆಯವರ ಜೊತೆಗೂ ಮಾತಾಡುವ ಒಬ್ಬ ಆಪ್ತಸಮಾಲೋಚಕರು, ಟಿಎಸ್‌ಎಚ್‌ಗೆ ರಕ್ತ ತೆಗೆಯುವ ವ್ಯವಸ್ಥೆ ಇದ್ದರೆ ಸಾಕು. ಅರಕಲಗೂಡು, ಸಕಲೇಶಪುರದ ಕಡೆಯವರು ಇಷ್ಟಕ್ಕೆಲ್ಲ ಬೆಂಗಳೂರಿನ ದಾರಿ ಹಿಡಿಯುವುದು ತಪ್ಪುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಯಾವಾಗ ಶುರುವಾಗುತ್ತದೆ ಎಂಬುದನ್ನು ಆರೋಗ್ಯ ಇಲಾಖೆಯವರು ಇದೇ ಅಂಕಣದಲ್ಲಿ ತಿಳಿಸಲಿ.

– ಒಬ್ಬ ಆಲೂಗಡ್ಡೆ ವ್ಯಾಪಾರಿ, ಹಾಸನ